ಎರಡು ಮನೆಯ ನೀಲಿ

ನಮ್ಮೂರಿನಲ್ಲಿ ಕೆಂಪು ಬೇಕಾದರೆ ಯಾರ ಮನೆಯಿಂದಲಾದರೂ ಕೇಳಿ ತರಬೇಕಿತ್ತು. ಸಕ್ಕರೆ ಮುಗಿದಾಗ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುತ್ತಾರಲ್ಲ, ಹಾಗೆಯೇ. ಕೈಯಲ್ಲಿ ಒಂದು ಚೊಂಬು ನೀರು, ಹೆಗಲ ಮೇಲೆ ಬಿಳಿ ಬಟ್ಟೆ. ಬಾಗಿಲಲ್ಲಿ ನಿಂತು, "ಅಕ್ಕಾ, ನಾಳೆ ನಮ್ಮ ಹುಡುಗೀನ ನೋಡೋಕೆ ಬರ್ತಿದಾರೆ, ಸಂಜೆವರೆಗೂ ಸ್ವಲ್ಪ ಕೆಂಪು ಕೊಡ್ತೀರಾ?" ಎನ್ನಬೇಕು. ಆ ಮನೆಯವರು ಒದ್ದೆ ಬಟ್ಟೆಯಿಂದ ತಮ್ಮ ಕುರ್ಚಿಯನ್ನೋ ಪೆಟ್ಟಿಗೆಯನ್ನೋ ಒರೆಸಿ, ಬಟ್ಟೆಯನ್ನು ಚೊಂಬಿಗೆ ಹಿಂಡಿ, ಮೇಲೊಂದು ತಟ್ಟೆ ಮುಚ್ಚಿ ಕೊಡುತ್ತಿದ್ದರು. ಅವರ ಕುರ್ಚಿ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ತಂದವರ ಸೀರೆ ಕೆಂಪಾಗುತ್ತಿತ್ತು. ಕೆಲಸ ಮುಗಿದ ಮೇಲೆ ಅದೇ ಚೊಂಬಿನಲ್ಲಿ ಬಣ್ಣವನ್ನು ಹಿಂದಕ್ಕೆ ಕೊಟ್ಟು, ಜೊತೆಗೊಂದು ಬೆಲ್ಲದ ಚೂರು ಇಟ್ಟು ಬರುವುದು ಮರ್ಯಾದೆ.

ಮರಗಿಡದ, ತರಕಾರಿಯ, ಆಕಾಶದ ಬಣ್ಣ ಅವುಗಳದ್ದೇ, ಅದರ ತಂಟೆಗೆ ಯಾರೂ ಹೋಗುತ್ತಿರಲಿಲ್ಲ. ಮನೆಯೊಳಗಿನ ಬಣ್ಣ ಮಾತ್ರ ಊರಿನಲ್ಲಿ ಇದ್ದಷ್ಟೇ. ಹೊರಗಿನಿಂದ ತಂದರೆ ನಿಲ್ಲುತ್ತಿರಲಿಲ್ಲ. ನಮ್ಮ ಸೋದರತ್ತೆ ಒಮ್ಮೆ ಹಟ ಹಿಡಿದು ದೊಡ್ಡ ಪೇಟೆಯಿಂದ ಗಿಣಿಹಸಿರು ಸೀರೆ ತಂದಳು. ಬಸ್ಸು ಸೇತುವೆ ದಾಟುವವರೆಗೂ ಅದು ಹಸಿರಾಗಿಯೇ ಇತ್ತಂತೆ. ಮನೆಗೆ ಬಂದು ಬಿಚ್ಚಿದರೆ ಬೂದಿ. ಹಬ್ಬ ಮುಗಿಯುವವರೆಗೂ ಅತ್ತೆ ಮುಖ ಊದಿಸಿಕೊಂಡೇ ಇದ್ದಳು.

ಇನ್ನೊಂದು ಮಾತು. ಮನಸ್ಸಿಲ್ಲದೆ ಕೊಟ್ಟರೆ ಬಣ್ಣ ಬರುತ್ತಿರಲಿಲ್ಲ. ಎಷ್ಟು ಒರೆಸಿದರೂ ಚೊಂಬಿನ ನೀರು ನೀರಾಗಿಯೇ ಇರುತ್ತಿತ್ತು. ಹಾಗಾಗಿ ನಮ್ಮೂರಿನಲ್ಲಿ ಬಣ್ಣದ ಕಳ್ಳತನ ಇರಲಿಲ್ಲ, ಮುಜುಗರ ಮಾತ್ರ ಬೇಕಾದಷ್ಟಿತ್ತು. ದೊಡ್ಡಪ್ಪನ ಗೃಹಪ್ರವೇಶಕ್ಕೆ ನಮ್ಮ ನಡುಮನೆಯ ಹಳದಿ ಕೊಡುತ್ತೇನೆಂದು ಅಪ್ಪ ಬಾಯಿತುಂಬ ಹೇಳಿ, ಅವರೆದುರಿಗೇ ಗೋಡೆ ಉಜ್ಜಿ ಉಜ್ಜಿ, ಕೊನೆಗೆ ಚೊಂಬಿಗೆ ಬರೀ ಸುಣ್ಣ ಬಂದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅಪ್ಪನದು ಹಿಟ್ಟಿನ ಗಿರಣಿ. ಬೆಳಗಿನಿಂದ ಸಂಜೆಯವರೆಗೆ ಬೆಳ್ಳಗೇ ಇರುತ್ತಿದ್ದ. "ನಂಗ್ಯಾವ ಬಣ್ಣದ ಹಂಗೂ ಇಲ್ಲಪ್ಪ" ಎಂದು ಆಮೇಲೆ ಹೇಳಿಕೊಂಡು ತಿರುಗಿದ.

ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಮೊದಲು ಕೇಳುತ್ತಿದ್ದದ್ದು, "ಈ ವಾರ ಯಾರ ಮನೇಲಿ ಕೆಂಪಿದೆ?" ಎಂದು. ಕೈ ಎತ್ತಿದವರು ದಾಸವಾಳ ಬರೆಯಬೇಕು, ಉಳಿದವರು ಕಾಗೆ. ನಮ್ಮ ಬೀದಿಯಲ್ಲಿ ಮದುವೆ ವಯಸ್ಸಿನ ಹುಡುಗಿಯರು ಜಾಸ್ತಿ ಇದ್ದದ್ದರಿಂದ ನಮ್ಮ ಮನೆಯ ಕೆಂಪು ಸದಾ ಹೊರಗೇ ಇರುತ್ತಿತ್ತು. ಕಾಗೆ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ.

ಒಂದೊಂದು ಮನೆಯ ಬಣ್ಣಕ್ಕೆ ಒಂದೊಂದು ಗುಣ ಇತ್ತು. ಸಂಗೀತದ ಮೇಷ್ಟ್ರ ಮನೆಯ ಹಳದಿ ಹಚ್ಚಿದ ತೊಟ್ಟಿಲಲ್ಲಿ ಎಂಥ ಹಟಮಾರಿ ಮಗುವೂ ಬೇಗ ನಿದ್ದೆ ಹೋಗುತ್ತಿತ್ತು. ಬಾಣಂತಿಯಿದ್ದ ಮನೆಯವರೆಲ್ಲ ಅದಕ್ಕೆ ಸರದಿ ಕಾಯುತ್ತಿದ್ದರು. ಶಾನುಭೋಗರ ಮನೆಯ ಕೆಂಪು ತಂದರೆ ಮದುವೆಮನೆಯಲ್ಲಿ ಊಟದ ಹೊತ್ತಿಗೆ ಯಾರಾದರೂ ಜಗಳ ತೆಗೆಯುವುದು ಖಂಡಿತ. ತೀರಾ ಬೇರೆ ಗತಿ ಇಲ್ಲದಾಗ ಮಾತ್ರ ಅವರ ಮನೆಗೆ ಹೋಗುತ್ತಿದ್ದರು.

ಈಗ ನಾನಿರುವ ಊರಿನಲ್ಲಿ ಬಣ್ಣ ಡಬ್ಬಿಯಲ್ಲಿ ಸಿಗುತ್ತದೆ. ಅಂಗಡಿಯವನು ಒಂದು ಪುಸ್ತಕ ಬಿಡಿಸಿ ಇಟ್ಟು, ಬೆರಳಗಲದ ನೂರಾರು ನೀಲಿ ತೋರಿಸುತ್ತಾನೆ. ಯಾರನ್ನೂ ಕೇಳಬೇಕಿಲ್ಲ. ಅನುಕೂಲವೇ, ಅಲ್ಲ ಎನ್ನುವುದಿಲ್ಲ. ಆದರೂ ಮೊದಲ ಸಲ ಮನೆಗೆ ಬಣ್ಣ ಹೊಡೆಸಿದ ದಿನ ಬೆಲ್ಲದ ಚೂರು ಯಾರಿಗೆ ಕೊಡಬೇಕೆಂದು ತಿಳಿಯದೆ ನಾನೇ ಬಾಯಿಗೆ ಹಾಕಿಕೊಂಡೆ. ಆವತ್ತು ಊರು ತುಂಬ ನೆನಪಾಯಿತು. ಊರಿಗಿಂತ ಹೆಚ್ಚಾಗಿ ಅಮ್ಮನ ಅಡುಗೆಮನೆಯ ಕಿಟಕಿ.

ಮದುವೆಯಾಗಿ ಬರುವ ಹೆಣ್ಣು ತವರಿನಿಂದ ಒಂದು ಚೊಂಬು ಬಣ್ಣ ತರುವುದು ನಮ್ಮಲ್ಲಿ ಪದ್ಧತಿ. ಬಂಗಾರ ಇರಲಿ ಬಿಡಲಿ, ಅದು ಇರಲೇಬೇಕು. ಆ ಬಣ್ಣವನ್ನು ಹಿಂದಕ್ಕೆ ಕೊಡುವ ಹಾಗಿಲ್ಲ. ತವರಿನಲ್ಲಿ ಅದಿದ್ದ ಜಾಗ ಮುಂದೆ ಬೂದಿಯಾಗಿಯೇ ಉಳಿಯುತ್ತಿತ್ತು. ಹಳೆಯ ಮನೆಗಳಿಗೆ ಹೋದರೆ ಅಜ್ಜಿಯರು ಬೂದಿಯಾದ ಕಂಬ, ಬೂದಿಯಾದ ಮಣೆ ತೋರಿಸಿ, "ಇದು ನಮ್ಮ ದೊಡ್ಡವಳು, ಇದು ಚಿಕ್ಕವಳು" ಎನ್ನುತ್ತಿದ್ದರು.

ನನ್ನ ಅಮ್ಮ ತುಂಗಮ್ಮ ತಂದದ್ದು ನೀಲಿ. ಅವಳ ತವರು ಅದೇ ಊರಿನ ಕೆರೆ ಬೀದಿಯಲ್ಲಿತ್ತು. ಅವಳು ಒಬ್ಬಳೇ ಮಗಳು. ನಾನು ಹುಟ್ಟುವ ಹೊತ್ತಿಗೆ ಅಜ್ಜಿಯೂ ಇರಲಿಲ್ಲ, ಅಜ್ಜನೂ ಇರಲಿಲ್ಲ. ರಸ್ತೆ ಅಗಲ ಮಾಡುವಾಗ ಆ ಮನೆಯೂ ಹೋಯಿತು. ಉಳಿದದ್ದು ನಮ್ಮ ಅಡುಗೆಮನೆ ಕಿಟಕಿಯ ಎರಡು ಬಾಗಿಲಿನ ಮೇಲಿದ್ದ ಆ ನೀಲಿ ಒಂದೇ. ಗೌರಿ ಹಬ್ಬದಲ್ಲಿ ಬೀದಿಯ ಹೆಂಗಸರಿಗೆಲ್ಲ ತವರಿನಿಂದ ಮೊರದ ಬಾಗಿನ ಬರುವಾಗ ಅಮ್ಮ ಏನಾದರೊಂದು ಕೆಲಸ ಹಚ್ಚಿಕೊಂಡು ಆ ಕಿಟಕಿಯ ಹತ್ತಿರವೇ ಇದ್ದುಬಿಡುತ್ತಿದ್ದಳು, ಜಗಲಿಗೆ ಬರುತ್ತಿರಲಿಲ್ಲ. ಆ ಕಿಟಕಿಯ ಮುಂದೆ ಹಾಲು ಉಕ್ಕಿ ಚೆಲ್ಲುವುದಿಲ್ಲ ಎನ್ನುವುದು ಅವಳ ನಂಬಿಕೆ. "ನೀನು ಅಲ್ಲೇ ಕಾದು ನಿಂತಿರ್ತೀಯ, ಅದು ಹೇಗೆ ಚೆಲ್ಲುತ್ತೆ?" ಎಂದು ಅಪ್ಪ ಕಾಲೆಳೆಯುತ್ತಿದ್ದ. ಉಳಿದ ಬಣ್ಣಗಳನ್ನು ಕೇಳಿದವರಿಗೆಲ್ಲ ಕೊಡುತ್ತಿದ್ದ ಅಮ್ಮ ಆ ನೀಲಿಯನ್ನು ಯಾರಿಗೂ ಕೊಟ್ಟವಳಲ್ಲ. ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ.

ಆ ಧೈರ್ಯ ಮಾಡಿದವನು ಸ್ಟುಡಿಯೋ ಮಾಧವಣ್ಣ. ಊರಿಗೊಂದೇ ಫೋಟೋ ಸ್ಟುಡಿಯೋ ಅವನದು. ಜನ ನಿಲ್ಲುವ ಜಾಗದ ಹಿಂದೆ ತೂಗುಹಾಕುವ ಪರದೆಯನ್ನು ತಾನೇ ಬರೆಯುತ್ತಿದ್ದ. ಪ್ರತಿವರ್ಷ ಮದುವೆ ಕಾಲ ಶುರುವಾಗುವ ಮುಂಚೆ ಹೊಸ ಪರದೆ. ಅದಕ್ಕಾಗಿ ಮನೆಮನೆ ತಿರುಗಿ ಬಣ್ಣ ಕೇಳಿ ತರುತ್ತಿದ್ದ. ತಮಾಷೆ ಎಂದರೆ ಅವನು ತೆಗೆಯುತ್ತಿದ್ದ ಫೋಟೋಗಳೆಲ್ಲ ಬ್ಲಾಕ್ ಅಂಡ್ ವೈಟ್.

ಆ ವರ್ಷ ಅವನು ಚೊಂಬು ಹಿಡಿದು ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಾಗ ಅಮ್ಮ ಹುರುಳಿಕಾಯಿ ಬಿಡಿಸುತ್ತಿದ್ದಳು. ಬೇರೆಯವರಾದರೆ ಆ ಬಾಗಿಲಿಗೆ ಬರುತ್ತಿರಲಿಲ್ಲ. ಮಾಧವಣ್ಣ ಅಪ್ಪನ ಬಾಲ್ಯದ ಗೆಳೆಯ.

"ಅತ್ತಿಗೆ, ಈ ಸಲ ಒಂದು ಕೊಳ ಬರೀತಿದೀನಿ, ಮೇಲೆ ಆಕಾಶ. ಆಕಾಶಕ್ಕೆ ನೀಲಿ ಸಿಕ್ತು. ಕೊಳಕ್ಕೆ ಮಾತ್ರ ಎಲ್ಲೂ ಸರಿಹೋಗ್ತಿಲ್ಲ" ಎಂದು ಕಿಟಕಿಯ ಕಡೆ ನೋಡಿದ.

"ಫೋಟೋದಲ್ಲಿ ಎಲ್ಲಾ ಕಪ್ಪು ಬಿಳುಪೇ ಬರುತ್ತೆ. ಇದ್ದಲಲ್ಲಿ ಬರೆದ್ರೂ ನಡೆಯುತ್ತಲ್ಲ" ಎಂದಳು ಅಮ್ಮ.

"ಪರದೆ ಫೋಟೋಗೆ ಅಲ್ಲ ಅತ್ತಿಗೆ, ನಿಲ್ಲೋರಿಗೆ. ಬೂದಿ ಮುಂದೆ ನಿಲ್ಸಿದ್ರೆ ಮದುಮಗಳು ದಿಕ್ಕಿಲ್ದೋಳ ಥರ ನಿಲ್ತಾಳೆ. ಒಳ್ಳೇ ಬಣ್ಣದ ಮುಂದೆ ನಿಲ್ಸಿ ನೋಡಿ, ಮುಖಾನೇ ಬೇರೆ. ನಾನು ತೆಗೆಯೋದು ಆ ಮುಖ."

ಅಮ್ಮ ಹುರುಳಿಕಾಯಿ ಬಿಡಿಸುವುದನ್ನು ನಿಲ್ಲಿಸಿದಳು. ಮಾಧವಣ್ಣ ಮೆಲ್ಲಗೆ, "ಈ ವರ್ಷ ಮದುವೆ ಆಗೋ ಹೆಣ್ಮಕ್ಳೆಲ್ಲ ನಿಮ್ಮಮ್ಮನ ಮನೆ ಮುಂದೆ ನಿಂತ ಹಾಗಾಗುತ್ತೆ" ಎಂದ. ಅದು ಅವನ ಕಸುಬಿನ ಮಾತೋ ಮನಸ್ಸಿನ ಮಾತೋ ನನಗೆ ಈಗಲೂ ಗೊತ್ತಿಲ್ಲ. ಅಮ್ಮ ಎದ್ದು ಬಟ್ಟೆ ಒದ್ದೆ ಮಾಡಿಕೊಂಡು ಕಿಟಕಿಯನ್ನು ಒರೆಸಿದಳು. ಒಂದೇ ಕೈಗೆ ಚೊಂಬು ತುಂಬ ನೀಲಿ ಬಂತು. ಹೆಸರು ಕೆತ್ತಿಸಿದ ನಮ್ಮ ಸ್ಟೀಲ್ ತಟ್ಟೆಯನ್ನೇ ಅದರ ಮೇಲೆ ಮುಚ್ಚಿ, "ಜೋಪಾನ" ಎಂದಳು.

ಪರದೆಯನ್ನು ನೋಡಲು ಊರೇ ಹೋಯಿತು. ನಾವೂ ಹೋಗಿ ಒಂದು ಫೋಟೋ ತೆಗೆಸಿಕೊಂಡೆವು. ಅಪ್ಪ ಕುರ್ಚಿಯಲ್ಲಿ, ಪಕ್ಕದಲ್ಲಿ ಕೊಳಕ್ಕೆ ಆತುಕೊಂಡ ಹಾಗೆ ಅಮ್ಮ, ಮುಂದೆ ಎರಡು ಜಡೆಯ ನಾನು. ಆ ಫೋಟೋ ಈಗ ನನ್ನ ಹತ್ತಿರ ಇದೆ. ಅಮ್ಮ ಅದರಲ್ಲಿ ದೂರದಿಂದ ಬಂದು ಈಗಷ್ಟೇ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳ ಹಾಗೆ ಕಾಣುತ್ತಾಳೆ. ನೋಡಿದವರು, "ಇವರ ಹಿಂದಿರೋದು ಯಾವ ಊರಿನ ಕೆರೆ?" ಎಂದು ಕೇಳುತ್ತಾರೆ. ಆಕಾಶ ಮಾತ್ರ ಬೇರೆ ಥರ ಇತ್ತು. ನಿಲ್ಲುವ ಮುಂಚೆ ಕಣ್ಣೆತ್ತಿ ಅದನ್ನು ನೋಡಿದವರ ಮುಖವೆಲ್ಲ ಆ ವರ್ಷದ ಫೋಟೋಗಳಲ್ಲಿ ಸಪ್ಪಗೆ. "ಈ ಸಲ ಯಾಕೋ ಯಾರೂ ಪೂರ್ತಿ ನಗ್ತಿಲ್ಲ" ಎಂದು ಮಾಧವಣ್ಣ ಅಪ್ಪನ ಹತ್ತಿರ ಗೊಣಗಿದ್ದ.

ಮದುವೆ ಕಾಲ ಮುಗಿದ ಮೇಲೆ ಚೊಂಬು ಮನೆಗೆ ಬಂತು, ಬೆಲ್ಲದ ಚೂರಿನ ಜೊತೆ. ಅಮ್ಮ ನೀಲಿಯನ್ನು ಕಿಟಕಿಗೆ ಒರೆಸಿದಳು. ಒರೆಸುತ್ತಿದ್ದ ಕೈ ನಡುವೆಯೇ ನಿಂತಿತು.

"ಇದು ನಮ್ದಲ್ಲ" ಎಂದಳು.

ಅಪ್ಪ ಬಂದು ಹತ್ತಿರದಿಂದ ನೋಡಿದ, ದೂರದಿಂದ ನೋಡಿದ. "ನೀಲಿ ನೀಲೀನೇ ಅಲ್ವೇನೆ?"

"ನಿಮ್ಮ ಗಿರಣೀಲಿ ಒಬ್ಬರ ರಾಗಿ ಇನ್ನೊಬ್ಬರ ಚೀಲಕ್ಕೆ ಬಂದ್ರೆ ನಿಮಗೆ ಗೊತ್ತಾಗಲ್ವಾ?"

ನನಗೂ ಮೊದಲು ವ್ಯತ್ಯಾಸ ಕಾಣಲಿಲ್ಲ. ಆಮೇಲೆ ನೋಡುತ್ತ ನೋಡುತ್ತ ಗೊತ್ತಾಯಿತು. ಇದು ಸ್ವಲ್ಪ ಗಾಢ, ಆದರೂ ಒಗೆದು ಒಗೆದು ಹಾಕಿಕೊಂಡ ಬಟ್ಟೆಯ ಹಾಗೆ ಮಾಸಲು. ಮರುದಿನ ಬೆಳಿಗ್ಗೆ ಅಮ್ಮ ಎದುರಿಗೇ ನಿಂತಿದ್ದರೂ ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಸಂಜೆ ಚಪಾತಿ ಲಟ್ಟಿಸುತ್ತಿದ್ದಾಗ ಅವಳ ಕಣ್ಣಿಂದ ನೀರು ಇಳಿಯತೊಡಗಿತು. ಯಾಕಮ್ಮ ಎಂದರೆ, "ಗೊತ್ತಿಲ್ಲ ಕಣೆ ವತ್ಸಿ. ನಂಗೇನೂ ಆಗಿಲ್ಲ" ಎಂದಳು. ಅನ್ನ ಮಾಡುವಾಗ ಏನೂ ಇಲ್ಲ, ಸಾರು ಕುದಿಸುವಾಗ ಏನೂ ಇಲ್ಲ. ಚಪಾತಿ ಲಟ್ಟಿಸಲು ಕೂತರೆ ಸಾಕು, ಅಳು. ಯಾರನ್ನೋ ಕಳೆದುಕೊಂಡ ಹಾಗೆ, ಆದರೆ ಯಾರನ್ನು ಎಂದು ಅವಳಿಗೇ ತಿಳಿಯದು.

ಮಾಧವಣ್ಣನನ್ನು ಕರೆಸಿದರು. ಅವನು ಕಿಟಕಿ ನೋಡಿದವನೇ ತಲೆ ಚಚ್ಚಿಕೊಂಡ. ಎರಡು ನೀಲಿ, ಎರಡು ಚೊಂಬು, ಅಕ್ಕಪಕ್ಕ ಇಟ್ಟಿದ್ದ. ಹೆಸರಿದ್ದದ್ದು ಮುಚ್ಚಿದ ತಟ್ಟೆಗಳ ಮೇಲೆ. ಅವನ ಹೆಂಡತಿ, ಬೇರೆಯವರ ಪಾತ್ರೆಯನ್ನು ಧೂಳು ಹಿಡಿದ ಹಾಗೆ ಕೊಡಬಾರದೆಂದು, ಎರಡೂ ತಟ್ಟೆಗಳನ್ನು ಬೆಳಗಿ ಒರೆಸಿ ಇಟ್ಟಿದ್ದಳು. ಮುಚ್ಚುವಾಗ ಅದಲು ಬದಲಾಗಿತ್ತು.

"ಹಾಗಾದ್ರೆ ಇದು ಯಾರದು?" ಎಂದಳು ಅಮ್ಮ.

ಮಾಧವಣ್ಣ ಕಿಟಕಿಯ ಕಡೆಯಿಂದ ಮುಖ ತಿರುಗಿಸಿದ. "ಇಡ್ಲಿ ಚೆಲುವಮ್ಮಂದು. ಆಕಾಶಕ್ಕೆ ತಂದಿದ್ದೆ. ಅವರ ಮಗಳು ಸುಕನ್ಯಾದು" ಎಂದ.

ಚೆಲುವಮ್ಮ ಗಾಣದ ಬೀದಿಯಲ್ಲಿ ಒಬ್ಬಳೇ ಇದ್ದಳು. ಬೆಳಿಗ್ಗೆ ಜಗಲಿಯಲ್ಲಿ ಇಡ್ಲಿ ಮಾರುವಳು. ಮಾತು ಒರಟು. ಚಟ್ನಿ ಎರಡನೇ ಸಲ ಕೇಳಿದರೆ, "ಇದೇನು ನಿಮ್ಮತ್ತೆ ಮನೆಯಾ?" ಎನ್ನುವಳು. ಅವಳ ಮಗಳು ಸುಕನ್ಯಾ ಎಂಟನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂದು ಹೋಗಿಬಿಟ್ಟಿದ್ದಳು. ಆ ಹುಡುಗಿಯ ಸ್ಕೂಲಿನ ಲಂಗದ ನೀಲಿಯನ್ನು ಚೆಲುವಮ್ಮ ತನ್ನ ಬೀದಿ ಬಾಗಿಲಿಗೆ ಒರೆಸಿಕೊಂಡಿದ್ದಳು. "ಅವಳ ಒಂದು ಫೋಟೋನೂ ನಾನು ತೆಗೀಲಿಲ್ಲ, ಬಣ್ಣವಾದ್ರೂ ನನ್ನ ಪರದೇಲಿರ್ಲಿ ಅಂತ ಕೇಳಿದ್ದೆ ಅತ್ತಿಗೆ" ಎಂದು ಮಾಧವಣ್ಣ ಕೈ ಹಿಸುಕಿಕೊಂಡ.

ಅಮ್ಮ, ಮಾಧವಣ್ಣ, ನಾನು, ಮೂವರೂ ಗಾಣದ ಬೀದಿಗೆ ಹೋದೆವು. ಚೆಲುವಮ್ಮನ ಬಾಗಿಲು ತಿರುವಿನಿಂದಲೇ ಕಂಡಿತು. ನಮ್ಮ ಕಿಟಕಿಯ ನೀಲಿ, ಅಷ್ಟು ದೊಡ್ಡ ಬಾಗಿಲಿನ ತುಂಬ. ಅಮ್ಮನ ನಡಿಗೆ ಬೇಗಬೇಗನಾಯಿತು. ಹೋದವಳೇ ಜಗಲಿ ಹತ್ತಿ ಬಾಗಿಲಿನ ಮೇಲೆ ಅಂಗೈ ಇಟ್ಟು ನಿಂತುಬಿಟ್ಟಳು, ಯಾರನ್ನೂ ಕೂಗಲಿಲ್ಲ. ಒಳಗೆ ಹಿಟ್ಟು ರುಬ್ಬುತ್ತಿದ್ದ ಚೆಲುವಮ್ಮ ಕೈ ಒರೆಸಿಕೊಂಡು ಹೊರಗೆ ಬಂದಳು. ಮಾಧವಣ್ಣ ಆದದ್ದನ್ನೆಲ್ಲ ಹೇಳಿದ.

"ತಪ್ಪಾಗಿದ್ರೆ ತಗೊಂಡೋಗಿ. ನಂಗೇನು" ಎಂದು ಚೆಲುವಮ್ಮ ಮಾಧವಣ್ಣನ ಕೈಯಲ್ಲಿದ್ದ ನೀರಿನ ಚೊಂಬು ಕಿತ್ತುಕೊಂಡು, ಬಟ್ಟೆ ಅದ್ದಿ ಬಾಗಿಲು ಒರೆಸಿದಳು. ಹಿಂಡಿದಳು. ನೀರು ತಿಳಿಯಾಗಿತ್ತು. ಮತ್ತೆ ಒರೆಸಿದಳು, ಬಳೆ ಸದ್ದಾಗುವ ಹಾಗೆ ಉಜ್ಜಿದಳು. ಚೊಂಬಿನ ತಳ ಹಾಗೇ ಕಾಣುತ್ತಿತ್ತು. ಮಾಧವಣ್ಣ ತನ್ನ ಕಾಲು ನೋಡಿಕೊಳ್ಳುತ್ತ ನಿಂತ. ಇಂಥ ಹೊತ್ತಿನಲ್ಲಿ ಯಾರೂ ಯಾರ ಮುಖವನ್ನೂ ನೋಡಬಾರದು ಎನ್ನುವುದು ನಮ್ಮೂರಿನ ಮಕ್ಕಳಿಗೂ ಗೊತ್ತಿತ್ತು.

ಚೆಲುವಮ್ಮ ಹೊಸ್ತಿಲ ಮೇಲೆ ಕೂತಳು. "ಮನಸ್ಸಿಲ್ಲ ಅಂತ ಈ ನೀರೇ ಯಾಕೆ ಹೇಳ್ಬೇಕು, ನಾನೇ ಹೇಳ್ತೀನಿ" ಎಂದಳು. "ಆ ಬಾಗ್ಲು ತೆಗೆದಾಗೆಲ್ಲ ಅವಳು ಇಸ್ಕೂಲಿಂದ ಬಂದಂಗೇ ಆಗೋದು. ಹೋದೋಳು ದಿನಾ ಬರೋಳು, ದಿನಾ ಹೋಗೋಳು. ಈಗ ಬಾಗ್ಲು ಬರೀ ಬಾಗ್ಲು. ನಿದ್ದೆ ಬರ್ತಾ ಐತೆ ತುಂಗಮ್ನೋರೆ. ನಿಮ್ಮ ನೀಲಿ ಒಳ್ಳೇದು. ಯಾರೋ ತಲೆ ಮೇಲೆ ಕೈ ಇಟ್ಟಂಗಿರ್ತದೆ."

"ಅದು ನಮ್ಮಮ್ಮ" ಎಂದಳು ಅಮ್ಮ. "ಹಾಗೆ ಕೈ ಇಡ್ತಿದ್ದೋಳು ನಮ್ಮಮ್ಮ."

ಅಮ್ಮ ಚೊಂಬಿನ ನೀರನ್ನು ಜಗಲಿ ಪಕ್ಕದ ತುಳಸಿಗೆ ಹಾಕಿ ಮನೆಗೆ ಬಂದಳು. ಬಂದು ಅತ್ತಳು. ಈ ಸಲ ಅದು ಅವಳದೇ ಅಳು. ನನಗೆ ಚೆಲುವಮ್ಮನ ಮೇಲೆ ಕೆಟ್ಟ ಕೋಪ ಬಂತು. ಇನ್ನೊಬ್ಬರ ತವರನ್ನು ಬಾಗಿಲಿಗೆ ಹಚ್ಚಿಕೊಂಡು ಚೆನ್ನಾಗಿ ನಿದ್ದೆ ಮಾಡುತ್ತಾಳಲ್ಲ ಎನಿಸಿತು. ಅಪ್ಪನಿಗೂ ಹಾಗೇ. "ನಾಕು ಜನ ದೊಡ್ಡೋರನ್ನ ಸೇರಿಸ್ತೀನಿ ಇರು" ಎಂದ.

"ಸೇರಿಸಿ ಏನು ಮಾಡ್ತೀರಿ? ಮನಸ್ಸಿಲ್ದೆ ಇರೋದನ್ನ ಯಾವ ದೊಡ್ಡೋರು ಕೊಡಿಸ್ತಾರೆ?" ಎಂದು ಅಮ್ಮ ಅಪ್ಪನ ಬಾಯಿ ಮುಚ್ಚಿಸಿದಳು.

ಹೀಗೆ ಮಳೆಗಾಲವೆಲ್ಲ ಕಳೆಯಿತು. ಹಾಲು ಚೆಲ್ಲುತ್ತಲೇ ಇತ್ತು. ಚಪಾತಿ ಮಾಡುವುದನ್ನು ಅಮ್ಮ ಬಿಟ್ಟೇಬಿಟ್ಟಳು. ಒಂದು ಬೆಳಿಗ್ಗೆ, ಹೊರಗಿನ ತಿಂಡಿ ಮುಟ್ಟದ ನನ್ನಮ್ಮ, ನನ್ನ ಕೈ ಹಿಡಿದುಕೊಂಡು ಇಡ್ಲಿ ತರಲು ಹೊರಟಳು. ಜಗಲಿಯಲ್ಲಿ ಗಿರಾಕಿಗಳೆಲ್ಲ ಎದ್ದು ಹೋಗುವವರೆಗೂ ಕಾದು, "ಚೆಲುವಕ್ಕ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸುಕನ್ಯಾಗೆ ಚಪಾತಿ ಇಷ್ಟ ಇತ್ತಾ?" ಎಂದಳು.

ಚೆಲುವಮ್ಮನ ಕೈಯಲ್ಲಿದ್ದ ಚಟ್ನಿ ಸೌಟು ಹಾಗೇ ನಿಂತಿತು.

"ಜ್ವರದಾಗೆ ಕೇಳಿದ್ಲು" ಎಂದಳು. "ಅವ್ವ, ಒಂದೇ ಒಂದು ಚಪಾತಿ ಕೊಡವ್ವ ಅಂದ್ಲು. ಡಾಕ್ಟ್ರು ಗಂಜಿ ಬಿಟ್ಟು ಏನೂ ಕೊಡ್ಬೇಡ ಅಂದಿದ್ರು. ವಾಸಿಯಾಗ್ಲಿ ಮಾಡ್ಕೊಡ್ತೀನಿ ಅಂದೆ. ಈ ಮಾತು ನಾನು ಯಾರ ಹತ್ರನೂ ಆಡಿಲ್ಲ. ನಿಮಗೆ ಯಾರು ಹೇಳಿದ್ರು?"

"ಅವಳೇ ಹೇಳ್ತಿದಾಳೆ, ಇಷ್ಟು ದಿನದಿಂದ. ನಂಗೆ ಅರ್ಥ ಆಗಿರ್ಲಿಲ್ಲ" ಎಂದಳು ಅಮ್ಮ. "ನಮ್ಮನೇಗೆ ಬನ್ನಿ ಚೆಲುವಕ್ಕ."

ಚೆಲುವಮ್ಮ ಇಡ್ಲಿ ಪಾತ್ರೆ ಮುಚ್ಚಿಟ್ಟು, ಸೆರಗು ಸರಿ ಮಾಡಿಕೊಂಡು ನಮ್ಮ ಹಿಂದೆಯೇ ಬಂದಳು. ಅಡುಗೆಮನೆಗೆ ಕಾಲಿಟ್ಟು ಕಿಟಕಿ ನೋಡಿದವಳು ಗೋಡೆಗೆ ಒರಗಿ ಕೂತಳು. ಅಮ್ಮ ಹಿಟ್ಟು ಕಲಸಿದಳು. ಅಮ್ಮ ಲಟ್ಟಿಸುತ್ತಿದ್ದಳು, ಕಣ್ಣೀರು ಎಂದಿನಂತೆ ಇಳಿಯುತ್ತಿತ್ತು. ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಮೊದಲನೆಯ ಚಪಾತಿ ಉಬ್ಬಿದ ಮೇಲೆ ತುಪ್ಪ ಸವರಿ ಚೆಲುವಮ್ಮನ ಕೈಗೆ ಕೊಟ್ಟಳು. ಚೆಲುವಮ್ಮ ಅದನ್ನು ಬಿಸಿಬಿಸಿಯಾಗಿಯೇ ಅಂಗೈ ಮೇಲಿಟ್ಟುಕೊಂಡು ಎದ್ದು, ಕಿಟಕಿಯ ಕಟ್ಟೆಯ ಮೇಲಿಟ್ಟು, "ತಿನ್ನವ್ವ" ಎಂದಳು. ಆಮೇಲೆ ಅವಳು ಅತ್ತ ಅಳು ಬೀದಿಗೆಲ್ಲ ಕೇಳಿತು. ಗಿರಣಿಯಿಂದ ಅಪ್ಪ ಬೆಳ್ಳಗೆ ಓಡಿಬಂದು ಬಾಗಿಲಲ್ಲಿ ನಿಂತು, ಏನೂ ಕೇಳದೆ ಹಿಂದಕ್ಕೆ ಹೋದ.

ಅವತ್ತಿನಿಂದ ಅಮ್ಮ ಚಪಾತಿ ಮಾಡುವಾಗ ಅಳಲಿಲ್ಲ. ಚೆಲುವಮ್ಮ ಮಧ್ಯಾಹ್ನದ ಹೊತ್ತು ನಮ್ಮ ಅಡುಗೆಮನೆಗೆ ಬಂದು ಕೂರುವುದು ರೂಢಿಯಾಯಿತು. ಸುಕನ್ಯಾ ಲೆಕ್ಕದಲ್ಲಿ ದಡ್ಡಿ, ಖೋಖೋದಲ್ಲಿ ಜೋರು, ಬೆಕ್ಕಿಗೆ ಹೆದರುತ್ತಿದ್ದಳು, ಇಂಥದ್ದೆಲ್ಲ ನಮಗೆ ಗೊತ್ತಾಯಿತು. ನಾನು ಮೊದಮೊದಲು ಮುಖ ತಿರುಗಿಸಿಕೊಂಡಿರುತ್ತಿದ್ದೆ. ಆದರೆ ಸುಕನ್ಯಾ ಬೆಕ್ಕಿಗೆ ಹೆದರಿ ಹಂಡೆಯೊಳಗೆ ಇಳಿದು ಕೂತ ಕತೆ ಕೇಳಿ ನಗು ತಡೆಯಲಾಗಲಿಲ್ಲ. ಅಲ್ಲಿಗೆ ನನ್ನ ಕೋಪ ಮುಗಿಯಿತು.

ಒಂದು ದಿನ ಚೆಲುವಮ್ಮ ತಾನೇ ಚೊಂಬು ಹಿಡಿದು ಬಂದಳು. ತಟ್ಟೆ ತೆಗೆದರೆ ಒಳಗೆ ಅಮ್ಮನ ನೀಲಿ, ಅಂಚಿನವರೆಗೆ. "ಇವತ್ತು ಒರೆಸಿದ್ರೆ ಬಂತು. ನಿಮ್ಮದು ನೀವು ಇಟ್ಕೊಳಿ, ಅವಳನ್ನ ನಂಗೆ ಕೊಡಿ. ಈಗ ನೋಡಿದ್ರೆ ತಡಕೋತೀನಿ" ಎಂದಳು.

ಅಮ್ಮನ ಮುಖ ಅರಳಿತು. ಬಟ್ಟೆ ಒದ್ದೆ ಮಾಡಿ ಕಿಟಕಿ ಒರೆಸಿದಳು, ಖಾಲಿ ಚೊಂಬಿಗೆ ಹಿಂಡಿದಳು. ನೀರು ತಿಳಿಯಾಗಿತ್ತು. ಇನ್ನೊಮ್ಮೆ ಒರೆಸಿದಳು. ಏನೂ ಇಲ್ಲ. ಇಷ್ಟು ದಿನ ತನ್ನ ನೀಲಿಗಾಗಿ ಕೊರಗಿದವಳು, ಅದು ಎದುರಿಗೇ ಬಂದು ಕೂತಾಗ, ಸುಕನ್ಯಾಳನ್ನು ಕೊಡಲು ಮನಸ್ಸಿಲ್ಲದೆ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು. ನಾಚಿಕೆಯಿಂದ ಅವಳ ಕಿವಿ ಕೆಂಪಾಗಿತ್ತು.

ಚೆಲುವಮ್ಮ ಚೊಂಬಿನೊಳಗೆ ಬಗ್ಗಿ ನೋಡಿದಳು. ಅಮ್ಮನನ್ನು ನೋಡಿದಳು. ಆಮೇಲೆ ಇಬ್ಬರೂ ನಕ್ಕರು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ಇರ್ಲಿ ಬಿಡು ತುಂಗಾ" ಎಂದಳು ಚೆಲುವಮ್ಮ. ಅಮ್ಮನನ್ನು ಅವಳು ಹಾಗೆ ಕರೆದದ್ದು ಅದೇ ಮೊದಲು. "ಅವಳು ನಿನ್ನ ಹತ್ರಾನೇ ಇರ್ಲಿ. ನಿಂಗೆ ನಿಮ್ಮವ್ವನ ಮನೆ ಬೇಕು ಅಂದಾಗ ನಮ್ಮನೇಗೆ ಬಾ" ಎಂದು, ತಂದ ಚೊಂಬನ್ನು ಹಾಗೇ ಎತ್ತಿಕೊಂಡು ಹೋಗಿ ತನ್ನ ಬಾಗಿಲಿಗೇ ಒರೆಸಿಕೊಂಡಳು.

ಅಮ್ಮ ಹೋಗುತ್ತಿದ್ದಳು. "ತವರಿಗೆ ಹೋಗಿ ಬರ್ತೀನಿ" ಎಂದು ಅಪ್ಪನಿಗೆ ಹೇಳಿ, ಒಳ್ಳೆಯ ಸೀರೆ ಉಟ್ಟು, ಗಾಣದ ಬೀದಿಗೆ ಹೋಗಿ ಸಂಜೆಗೆ ವಾಪಸು ಬರುತ್ತಿದ್ದಳು. ಅಪ್ಪ ಗಂಭೀರವಾಗಿ, "ಜಾಸ್ತಿ ದಿನ ನಿಲ್ಬೇಡ, ಇಲ್ಲಿ ನಮಗೆ ಅಡುಗೆಗೆ ಕಷ್ಟ" ಎನ್ನುತ್ತಿದ್ದ. ಮುಂದಿನ ವರ್ಷ ಗೌರಿ ಹಬ್ಬಕ್ಕೆ ಚೆಲುವಮ್ಮ ಮೊರದ ಬಾಗಿನ ಹೊತ್ತು ನಮ್ಮ ಬೀದಿಯಲ್ಲಿ ನಡೆದು ಬಂದಳು. ಅಮ್ಮ ಜಗಲಿಗೆ ಬಂದು, ಎಲ್ಲರೂ ನೋಡುವ ಹಾಗೆ ಅದನ್ನು ಸೆರಗಿನಲ್ಲಿ ತೆಗೆದುಕೊಂಡಳು. ನಾನು ಚೆಲುವಮ್ಮನನ್ನು ಅಜ್ಜಿ ಎಂದು ಕರೆಯತೊಡಗಿದೆ. "ನಂಗಿನ್ನೂ ಅಷ್ಟು ವಯಸ್ಸಾಗಿಲ್ಲ" ಎಂದು ಗದರಿಸಿದಳು, ಆದರೆ ಮರುದಿನ ಇಡ್ಲಿಗೆ ಎರಡನೇ ಸಲ ಚಟ್ನಿ ಹಾಕಿದಳು.

ವರ್ಷಗಳು ಕಳೆದವು. ನನಗೆ ಮದುವೆ ಗೊತ್ತಾಯಿತು, ಸೇತುವೆಯ ಆಚೆ, ಬಣ್ಣ ಡಬ್ಬಿಯಲ್ಲಿ ಸಿಗುವ ಊರಿಗೆ. "ಯಾವ ಬಣ್ಣ ತಗೊಂಡು ಹೋಗ್ತೀಯೆ?" ಎಂದು ಅಮ್ಮ ಕೇಳಿದಳು. ನಡುಮನೆಯ ಹಳದಿ ಇತ್ತು, ಅಪ್ಪನ ಕುರ್ಚಿಯ ಕೆಂಪಿತ್ತು. ನನಗೆ ಬೇಕಾದದ್ದು ಕಿಟಕಿಯದು. ಅದರ ಕೆಳಗೆ ನಾನು ಬೆಳೆದಿದ್ದೆ. ಬಾಯಿಬಿಟ್ಟು ಕೇಳಲು ಮಾತ್ರ ಆಗಲಿಲ್ಲ. ಅದು ಹೋದರೆ ಅಜ್ಜಿ ಮಧ್ಯಾಹ್ನ ಬಂದು ಯಾರ ಮುಂದೆ ಕೂರಬೇಕು? ನಾನು ಕಿಟಕಿ ನೋಡುತ್ತ ನಿಂತದ್ದನ್ನು ಅಮ್ಮ ನೋಡಿದಳು. ಸಂಜೆ ತವರಿಗೆ ಹೋಗಿ ಬಂದಳು. ಬರುವಾಗ ಜೊತೆಗೆ ಅಜ್ಜಿ ಇದ್ದಳು, ಕೈಯಲ್ಲಿ ಚೊಂಬು.

ಒದ್ದೆ ಬಟ್ಟೆಯ ಒಂದು ತುದಿಯನ್ನು ಅಮ್ಮ ಹಿಡಿದಳು, ಇನ್ನೊಂದು ತುದಿಯನ್ನು ಅಜ್ಜಿ. ಇಬ್ಬರೂ ಸೇರಿ ಕಿಟಕಿಯ ಬಾಗಿಲುಗಳನ್ನು ಮೇಲಿನಿಂದ ಕೆಳಗಿನವರೆಗೆ ಒರೆಸಿದರು. ಹಿಂಡಿದಾಗ ಚೊಂಬು ತುಂಬಿ, ಸ್ವಲ್ಪ ನೆಲಕ್ಕೂ ಚೆಲ್ಲಿತು. ಕಿಟಕಿ ಬೂದಿಯಾಗಿ ನಿಂತಿತು. ನಾನು ಅಳುತ್ತ, "ಅಜ್ಜಿ, ಇನ್ಮೇಲೆ ನೀನು ಅವಳನ್ನ ಹೇಗೆ ನೋಡ್ತೀಯ?" ಎಂದೆ.

ಅಜ್ಜಿ ತಟ್ಟೆ ಮುಚ್ಚಿ, ಚೊಂಬನ್ನು ನನ್ನ ಮಡಿಲಿಗೆ ಇಟ್ಟಳು. "ಮದ್ವೆ ಮಾಡಿ ಕಳಿಸಿದ ಮಗಳನ್ನ ದಿನಾ ನೋಡೋಕಾಗ್ತದಾ ಯಾರಿಗಾದ್ರೂ?" ಎಂದಳು.

ಬಸ್ಸು ಸೇತುವೆ ದಾಟುವಾಗ ನಾನು ತಟ್ಟೆ ಸರಿಸಿ ನೋಡಿದೆ. ನೀಲಿ ನೀಲಿಯಾಗಿಯೇ ಇತ್ತು. ಹೊಸ ಮನೆಯ ಅಡುಗೆಮನೆಯಲ್ಲಿ ಕಿಟಕಿ ಎನ್ನುವಂಥದ್ದು ಇರಲಿಲ್ಲ, ಕಪಾಟಿನ ಬಾಗಿಲಿಗೆ ಒರೆಸಿದೆ. ನನ್ನ ಗಂಡ ನೋಡಿ, ಒಳ್ಳೇ ಪೇಂಟು, ಯಾವ ಕಂಪನಿಯದು ಎಂದು ಕೇಳಿದ. ತವರಿನದು ಎಂದೆ.

ಮೊದಲ ಗೌರಿ ಹಬ್ಬಕ್ಕೆ ಅಪ್ಪನೋ ಅಮ್ಮನೋ ಬರಬಹುದೆಂದು ಕಾಯುತ್ತಿದ್ದೆ. ಬಸ್ಸಿಳಿದು ಬಂದದ್ದು ಅಜ್ಜಿ. ತಲೆಯ ಮೇಲೊಂದು, ಕಂಕುಳಲ್ಲೊಂದು, ಎರಡು ಜೊತೆ ಮೊರ. ನೀರು ಕೊಟ್ಟರೆ ಕುಡಿಯಲಿಲ್ಲ, ನನ್ನ ಗಂಡ ನಮಸ್ಕಾರ ಎಂದದ್ದೂ ಕೇಳಿಸಲಿಲ್ಲ. ನೆಟ್ಟಗೆ ಅಡುಗೆಮನೆಗೆ ನಡೆದಳು. ಒಂದು ಬಾಗಿನವನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಕಪಾಟಿನ ಕೆಳಗೆ ಇಟ್ಟು, ಅರಿಶಿನ ಕುಂಕುಮ ಹಚ್ಚಿದಳು. ಬಾಗಿಲ ಮೇಲೆ ಕೈಯಾಡಿಸಿ, "ಹೆಂಗಿದೀಯವ್ವ?" ಎಂದಳು. ಸ್ವಲ್ಪ ಹೊತ್ತು ಹಾಗೇ ನಿಂತು ನೋಡಿದಳು.

ಆಮೇಲೆ ನನ್ನ ಕಡೆ ತಿರುಗಿದಳು. "ಯಾಕೋ ಸೊರಗಿದಾಳೆ ಅನ್ನಿಸ್ತದೆ. ಚೆನ್ನಾಗಿ ನೋಡ್ಕೋತಾ ಇದೀಯ ತಾನೆ?"

"ದಿನಾ ಚಪಾತಿ ಮಾಡ್ತೀನಿ ಅಜ್ಜಿ" ಎಂದೆ.

"ಹಂಗಾದ್ರೆ ಸರಿ" ಎಂದು ಅಜ್ಜಿ ಕೆಳಗೆ ಕೂತು, ಕುಡಿಯಲು ನೀರು ಕೇಳಿದಳು.